ಪುಸ್ತಕ ಆಮೇಲೆ, ಮೊದಲು ಕಿವಿ: ಸ್ಪೀಚ್ ಪೆಥಾಲಜಿ ಎಂ.ಎಸ್ಸಿ.ಗೆ ಹೊರಟವರಿಗೆ

ಪ್ರಶ್ನೆ: ನಾನು ಕಾರ್ಕಳದವಳು. ಬಿ.ಎ.ಎಸ್.ಎಲ್.ಪಿ. (ಶ್ರವಣ ಮತ್ತು ಮಾತು-ಭಾಷೆಯ ತೊಂದರೆಗಳ ಪದವಿ) ಮುಗಿಸಿದ್ದೇನೆ. ಇಂಟರ್ನ್‌ಶಿಪ್ ಈಗ ತಾನೇ ಮುಗಿಯಿತು. ಮಂಗಳೂರಿನಲ್ಲಿ ಎಂ.ಎಸ್ಸಿ. ಸ್ಪೀಚ್ ಲ್ಯಾಂಗ್ವೇಜ್ ಪೆಥಾಲಜಿಗೆ ಸೀಟು ಸಿಕ್ಕಿದೆ. ಕ್ಲಾಸ್ ಶುರುವಾಗಲು ಇನ್ನೂ ಎರಡು ತಿಂಗಳಿದೆ. ಅಮ್ಮ 'ಸುಮ್ನೆ ರೆಸ್ಟ್ ಮಾಡು' ಅನ್ನುತ್ತಾರೆ. ಇಂಟರ್ನೆಟ್ಟಿನಲ್ಲಿ ಸಿಕ್ಕ ತಯಾರಿಯ ಪಟ್ಟಿಗಳನ್ನು ನೋಡಿದರೆ ಭಯವಾಗುತ್ತದೆ. ಯಾವುದನ್ನು ಓದಲಿ, ಏನು ಕೊಳ್ಳಲಿ? ಸ್ಟ್ಯಾಟಿಸ್ಟಿಕ್ಸ್ ನನಗೆ ತಲೆಗೆ ಹತ್ತುವುದಿಲ್ಲ. ನುಂಗುವ ತೊಂದರೆಯ ಕೇಸುಗಳು ಇಂಟರ್ನ್‌ಶಿಪ್‌ನಲ್ಲಿ ಹೆಚ್ಚು ಸಿಗಲಿಲ್ಲ. ಮನೆಯಲ್ಲಿ ತುಳು, ಇಂಗ್ಲಿಷ್ ಅಷ್ಟಕ್ಕಷ್ಟೇ. ಎರಡು ವರ್ಷ ತಡೆದುಕೊಳ್ಳುತ್ತೇನಾ ಅನ್ನುವ ಅನುಮಾನ.

ಉತ್ತರ: ನಿಮ್ಮ ಪತ್ರದಲ್ಲಿ 'ಮನೆಯಲ್ಲಿ ತುಳು' ಅನ್ನುವ ಎರಡು ಪದ ಇವೆ. ಅದನ್ನು ನೀವು ನಿಮ್ಮ ಕೊರತೆಗಳ ಸಾಲಿನಲ್ಲಿ ಸೇರಿಸಿದ್ದೀರಿ. ನಾನು ಅಲ್ಲಿಂದಲೇ ಶುರು ಮಾಡುತ್ತೇನೆ. ನಮ್ಮ ಕರಾವಳಿಯಲ್ಲಿ ಸ್ಪೀಚ್ ಥೆರಪಿ ಮಾಡಲು ಹೊರಟವರ ಕೈಯಲ್ಲಿ ಇರಬೇಕಾದ ಮೊದಲ ಸಾಮಾನು ಅದು. ನಿಮ್ಮ ಹತ್ತಿರ ಆಗಲೇ ಇದೆ.

ನಾನು ಪಿ.ಜಿ. ಮೊದಲ ವರ್ಷದಲ್ಲಿದ್ದಾಗ ನಡೆದದ್ದು ಹೇಳುತ್ತೇನೆ. ಸ್ಟ್ರೋಕ್ ಆದ ಒಬ್ಬ ಅಜ್ಜಿಯನ್ನು ನೋಡಲು ವಾರ್ಡಿಗೆ ಹೋಗಿದ್ದೆ. ಚಿತ್ರದ ಕಾರ್ಡುಗಳನ್ನು ತೋರಿಸಿ ಕನ್ನಡದಲ್ಲಿ ಒಂದೊಂದಾಗಿ ಕೇಳಿದೆ. ಅಜ್ಜಿ ಮುಖ ತಿರುಗಿಸಿದರು. ಒಂದೆರಡು ಸಲ 'ಹಾಂ' ಅಂದರು. ಹೇಳಿದ ಮಾತನ್ನು ಮತ್ತೆ ಹೇಳಲಿಲ್ಲ, ಹೆಸರು ಹೇಳಲಿಲ್ಲ. ತೀವ್ರ ಅಫೇಸಿಯ (ಮೆದುಳಿಗೆ ಪೆಟ್ಟಾಗಿ ಭಾಷೆ ಕೈಕೊಡುವ ತೊಂದರೆ) ಅಂತ ಬರೆದುಕೊಂಡು ಬಂದೆ. ಮೂರನೇ ದಿನ ನಾನು ಅಲ್ಲೇ ಇದ್ದಾಗ ಮಗಳು ಟಿಫಿನ್ ಕ್ಯಾರಿಯರಿನಲ್ಲಿ ಗಂಜಿ ತಂದರು. ಒಂದು ಚಮಚ ಬಾಯಿಗೆ ಹೋಯಿತು. ಅಜ್ಜಿ ತುಳುವಿನಲ್ಲಿ, ನಿಧಾನವಾಗಿ, ಆದರೆ ಪೂರ್ತಿ ವಾಕ್ಯದಲ್ಲಿ, ಉಪ್ಪು ಕಡಿಮೆಯಾಗಿದೆ ಅಂದರು. ಆಮೇಲೆ ಮೊಮ್ಮಗ ಶಾಲೆಗೆ ಹೋದನಾ ಅಂತ ಕೇಳಿದರು. ಕ್ರಿಯಾಪದ ಸರಿ ಇತ್ತು, ಪ್ರತ್ಯಯ ಸರಿ ಇತ್ತು. ನಾನು ಮೂರು ದಿನದಿಂದ ಅಳೆದದ್ದು ಅವರ ಕನ್ನಡವನ್ನು. ಅವರ ಕನ್ನಡ ಪೇಟೆಗೆ ಹೋದಾಗ ಮಾತ್ರ ಬಳಸುವ ಕನ್ನಡವಾಗಿತ್ತು. ಆ ರಿಪೋರ್ಟನ್ನು ಹರಿದು ಹೊಸದಾಗಿ ಬರೆದೆ. ಈಗಲೂ ಹೊಸ ವಿದ್ಯಾರ್ಥಿಗಳು ಬಂದಾಗ ನನಗೆ ಆ ಚಮಚವೇ ನೆನಪಾಗುತ್ತದೆ.

ಇದು ಹಳೆಯ ಪ್ರಶ್ನೆ. ಎರಡು ಮೂರು ಭಾಷೆ ಬಲ್ಲವರಿಗೆ ಮೆದುಳಿಗೆ ಪೆಟ್ಟಾದರೆ ಯಾವ ಭಾಷೆ ಮೊದಲು ಮರಳುತ್ತದೆ? ಫ್ರಾನ್ಸಿನಲ್ಲಿ ರಿಬೋ ಎಂಬವರು, ಮೊದಲು ಕಲಿತ ಭಾಷೆ ಅಂದರು. 1895ರಲ್ಲಿ ಪಿತ್ರ್ ಎಂಬ ವೈದ್ಯರು, ಕಾಯಿಲೆಗೆ ಮುಂಚೆ ಹೆಚ್ಚು ಬಳಸುತ್ತಿದ್ದ ಭಾಷೆ ಅಂದರು. ಆಮೇಲೆ ಸೇರಿದ ಕೇಸುಗಳನ್ನೆಲ್ಲ ನೋಡಿದರೆ, ತುಂಬಾ ಜನರಲ್ಲಿ ಎಲ್ಲ ಭಾಷೆಗಳೂ ಹೆಚ್ಚು ಕಡಿಮೆ ಒಟ್ಟಿಗೇ ಮರಳುತ್ತವೆ. ಆದರೆ ಎಲ್ಲರಲ್ಲೂ ಹಾಗಾಗುವುದಿಲ್ಲ. ನಿಮ್ಮ ಮುಂದೆ ಕೂತವರು ಯಾವ ಗುಂಪಿನವರು ಅಂತ ತಿಳಿಯಬೇಕಾದರೆ ಅವರ ಎಲ್ಲ ಭಾಷೆಗಳಲ್ಲೂ ಕೇಳಬೇಕು. ವೆಸ್ಟರ್ನ್ ಅಫೇಸಿಯ ಬ್ಯಾಟರಿ ಎಂಬ ಟೆಸ್ಟಿಗೆ ಕನ್ನಡ ರೂಪ ಇದೆ, ಅದನ್ನು ನೀವು ಬಳಸಿಯೇ ಬಳಸುತ್ತೀರಿ. ಅದರ ಜೊತೆಗೆ, ಟೆಸ್ಟಿನ ಪೆಟ್ಟಿಗೆ ಮುಚ್ಚಿದ ಮೇಲೆ 'ವನಸ್ ಆಂಡಾ?' (ಊಟ ಆಯಿತಾ?) ಅಂತ ತುಳುವಿನಲ್ಲಿ ಒಂದು ಮಾತು ಕೇಳಿ ನೋಡಿ.

ಹಾಗಾಗಿ ಈ ಎರಡು ತಿಂಗಳಿಗೆ ನನ್ನ ಮುಖ್ಯ ಸಲಹೆ ಪುಸ್ತಕದ ಬಗ್ಗೆ ಅಲ್ಲ. ಕಿವಿಯನ್ನು ಹದ ಮಾಡಿಕೊಳ್ಳಿ.

ಕಾರ್ಕಳದಿಂದ ಮಂಗಳೂರಿಗೆ ಬಸ್ಸಿನಲ್ಲಿ ಬಂದರೆ ಸಾಕು, ಎಷ್ಟು ಭಾಷೆ ಕಿವಿಗೆ ಬೀಳುತ್ತದೆ ನೋಡಿ. ತುಳು, ಕೊಂಕಣಿ, ಬ್ಯಾರಿ, ಕನ್ನಡ, ಒಮ್ಮೊಮ್ಮೆ ಮಲಯಾಳ. ಕೊಂಕಣಿಯಲ್ಲೇ ಕ್ರೈಸ್ತರ ಕೊಂಕಣಿ ಬೇರೆ, ಗೌಡ ಸಾರಸ್ವತರ ಕೊಂಕಣಿ ಬೇರೆ. ಕನ್ನಡದಲ್ಲಿ ಹವ್ಯಕರ ಮಾತು ಒಂದು ದಾರಿ, ಕುಂದಾಪ್ರದ ಮಾತು ಇನ್ನೊಂದು ದಾರಿ. ಇದೆಲ್ಲ ಸಂಸ್ಕೃತಿಯ ಸೊಗಸು ಅಂತ ಹೇಳುತ್ತಿಲ್ಲ. ಇದು ನೇರವಾಗಿ ನಿಮ್ಮ ಡಯಾಗ್ನೋಸಿಸ್ಸಿಗೆ ಬಂದು ತಾಗುತ್ತದೆ.

ಬೈಂದೂರು ಕಡೆಯ ಐದು ವರ್ಷದ ಮಗು 'ಮನೆಗ್ ಹೋಯ್ಕ್' ಅಂತ ಹೇಳಿತು ಅಂದುಕೊಳ್ಳಿ. 'ಹೋಗಬೇಕು' ಅನ್ನುವುದರಲ್ಲಿ ಅರ್ಧ ಅಕ್ಷರ ನುಂಗಿತು, ಕ್ರಿಯಾಪದ ಸರಿ ಬರಲಿಲ್ಲ ಅಂತ ಬರೆದರೆ ಏನಾಗುತ್ತದೆ? ಸರಿಯಾಗಿಯೇ ಮಾತಾಡುವ ಮಗುವಿಗೆ ಭಾಷೆಯ ತೊಂದರೆ ಇದೆ ಅಂತ ಹಣೆಪಟ್ಟಿ ಹಚ್ಚಿದ ಹಾಗೆ. ಅದರ ಅಜ್ಜಿಯೂ 'ಹೋಯ್ಕ್' ಅನ್ನುತ್ತಾರೆ. ಬ್ಯಾರಿ ಭಾಷೆಯಲ್ಲಿ ಲ ಮತ್ತು ಳ ನಡುವೆ ಕನ್ನಡದಷ್ಟು ಭೇದ ಇಲ್ಲ. ಆ ಮನೆಯ ಮಗು ಕನ್ನಡದ 'ಬಾಳೆ'ಯನ್ನು 'ಬಾಲೆ' ಅಂದರೆ ಅದು ಉಚ್ಚಾರ ದೋಷ ಆಗಬೇಕಾಗಿಲ್ಲ. ಮನೆಯ ಭಾಷೆಯ ನೆರಳು ಇರಬಹುದು. ತುಳುವಿನಲ್ಲಿ ಮಹಾಪ್ರಾಣ ಬರುವುದು ಎರವಲು ಪದಗಳಲ್ಲಿ ಮಾತ್ರ. ಖ, ಘ, ಛ ಹೇಳದ ತುಳು ಮಗುವನ್ನು ಥೆರಪಿಗೆ ಕೂರಿಸಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ತುಂಬಾ ಬೇಸರವಾಯಿತು. ಆ ಮಗುವಿನ ಅಪ್ಪ ಕೂಡ ಖ ಹೇಳುತ್ತಿರಲಿಲ್ಲ.

ಉಚ್ಚಾರ ಪರೀಕ್ಷಿಸುವ ಕನ್ನಡ ಆರ್ಟಿಕ್ಯುಲೇಶನ್ ಟೆಸ್ಟ್ ಬಂದದ್ದು 1972ರಲ್ಲಿ. ನಮಗೆ ಅದರಿಂದ ತುಂಬಾ ಉಪಕಾರವಾಗಿದೆ. ಆದರೆ ಯಾವ ಟೆಸ್ಟೂ ನಿಮ್ಮ ಎದುರಿನ ಮಗುವಿನ ಮನೆಯೊಳಗೆ ಹೋಗಿ ಬಂದಿರುವುದಿಲ್ಲ. ಅಪ್ಪ ಅಮ್ಮ ಹೇಗೆ ಮಾತಾಡುತ್ತಾರೆ ಅಂತ ಮೊದಲು ಕೇಳಿ. ಮಗು ಅವರಿಗಿಂತ ಬೇರೆಯಾಗಿ ಮಾತಾಡುತ್ತಿದ್ದರೆ ಆಗ ಯೋಚನೆ ಮಾಡಿ.

ಇದಕ್ಕೆ ಅಭ್ಯಾಸ ಹೇಗೆ? ದಿನಕ್ಕೆ ಐದು ನಿಮಿಷದ ಒಂದು ರೆಕಾರ್ಡಿಂಗ್ ಮಾಡಿ. ಮನೆಯ ಅಜ್ಜಿಯದು, ಪಕ್ಕದ ಮನೆಯ ಮೂರು ವರ್ಷದ ಮಗುವಿನದು, ಮೀನು ಮಾರುವವರದು. ಕೇಳಿಯೇ ಮಾಡಿ, ಮಗುವಾದರೆ ಅಪ್ಪ ಅಮ್ಮನ ಒಪ್ಪಿಗೆ ಬೇಕು. ಆಮೇಲೆ ಅದರಲ್ಲಿ ಒಂದು ನಿಮಿಷದ ಮಾತನ್ನು ಐ.ಪಿ.ಎ.ಯಲ್ಲಿ, ಅಂದರೆ ಅಂತರರಾಷ್ಟ್ರೀಯ ಧ್ವನಿಲಿಪಿಯಲ್ಲಿ, ಬರೆಯಿರಿ. ಕನ್ನಡ ಲಿಪಿಯಲ್ಲಿ ಬರೆದರೆ ಸಾಲದಾ ಅಂತ ಕೇಳಬಹುದು. ನಮ್ಮ ಲಿಪಿ ತುಂಬಾ ಒಳ್ಳೆಯದು, ಟ ಮತ್ತು ತ ಬೇರೆ ಅಂತ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಸ ಹೇಳುವಾಗ ನಾಲಗೆಯ ಪಕ್ಕದಿಂದ ಗಾಳಿ ಹೋದರೆ ಅದನ್ನು ತೋರಿಸಲು ನಮ್ಮಲ್ಲಿ ಅಕ್ಷರ ಇಲ್ಲ. ಕೊಂಕಣಿಯ ಮೂಗಿನ ಸ್ವರ, ತುಳು ಪದದ ಕೊನೆಯಲ್ಲಿ ಬರುವ ಅರ್ಧ ಉಕಾರ, ಇವೂ ಸರಿಯಾಗಿ ಸಿಕ್ಕುವುದಿಲ್ಲ. ಮೊದಲ ವಾರ ಒಂದು ನಿಮಿಷಕ್ಕೆ ಒಂದು ಗಂಟೆ ಹಿಡಿಯುತ್ತದೆ. ಹೆದರಬೇಡಿ, ಎಲ್ಲರಿಗೂ ಹಾಗೇ. ಆರನೇ ವಾರದ ಹೊತ್ತಿಗೆ ನೀವು ಬಸ್ಸಿನಲ್ಲಿ ಕೂತು ಪಕ್ಕದವರ ನಾಲಗೆ ಎಲ್ಲಿ ತಾಗುತ್ತಿದೆ ಅಂತ ಕಿವಿಯಲ್ಲೇ ನೋಡುತ್ತಿರುತ್ತೀರಿ.

ಅದೇ ರೆಕಾರ್ಡಿಂಗನ್ನು ಇನ್ನೊಂದು ಕೆಲಸಕ್ಕೂ ಬಳಸಿ. ಮಗುವಿನ ಮಾತಿನ ಸರಾಸರಿ ಉದ್ದ ಲೆಕ್ಕ ಹಾಕುವುದನ್ನು ನೀವು ಕಲಿತಿದ್ದೀರಿ, ಎಂ.ಎಲ್.ಯು. ಅನ್ನುತ್ತೇವಲ್ಲ, ಅದು. ಮಕ್ಕಳ ಭಾಷೆ ಬೆಳೆಯುವ ಬಗ್ಗೆ ರೋಜರ್ ಬ್ರೌನ್ ಅವರು 1973ರಲ್ಲಿ ಕೊಟ್ಟ ಹಂತಗಳು ಇಂಗ್ಲಿಷ್ ಮಾತಾಡುವ ಮೂರೇ ಮೂರು ಮಕ್ಕಳ ಮಾತಿನಿಂದ ಬಂದವು. ಈಗ 'ಬಂದಿದ್ದಾನಾ?' ಅನ್ನುವ ಒಂದು ಕನ್ನಡ ಪದವನ್ನು ಬಿಡಿಸಿ ನೋಡಿ. ಬರುವುದು ಇದೆ, ಇರುವುದು ಇದೆ, ಕಾಲ ಇದೆ, ಗಂಡಸು ಒಬ್ಬ ಅನ್ನುವುದು ಇದೆ, ಕೊನೆಗೆ ಪ್ರಶ್ನೆಯೂ ಇದೆ. ಇಂಗ್ಲಿಷಿನಲ್ಲಿ ಮೂರು ಪದ ಬೇಕಾಗುವ ಮಾತನ್ನು ನಮ್ಮ ಮಗು ಒಂದೇ ಪದದಲ್ಲಿ ಮುಗಿಸುತ್ತದೆ. ಪದ ಎಣಿಸಿದರೆ ಮಗು ಹಿಂದೆ ಇದ್ದ ಹಾಗೆ ಕಾಣುತ್ತದೆ. ಇಂಗ್ಲಿಷಿನ ಅಳತೆ ಕೋಲನ್ನು ತಂದು ಇಲ್ಲಿ ಇಟ್ಟರೆ ಏನು ಎಡವಟ್ಟಾಗುತ್ತದೆ ಅಂತ ಹತ್ತು ವಾಕ್ಯ ಬಿಡಿಸಿದರೆ ನಿಮಗೇ ಗೊತ್ತಾಗುತ್ತದೆ. ಡಿಸರ್ಟೇಶನ್‌ಗೆ ವಿಷಯ ಹುಡುಕುವಾಗಲೂ ಈ ನೋಟ್‌ಬುಕ್ ಕೈ ಹಿಡಿಯುತ್ತದೆ.

ಭಾಷೆಯ ಮಾತು ಬಿಡುವ ಮುಂಚೆ ಇನ್ನೊಂದು. ಇದನ್ನು ಹೇಳದೆ ನನಗೆ ಸಮಾಧಾನ ಇಲ್ಲ. ಮಾತು ತಡವಾದ ಮಗುವನ್ನು ಕರೆತಂದ ತಾಯಿಗೆ, 'ಮನೆಯಲ್ಲಿ ತುಳು ನಿಲ್ಲಿಸಿ, ಶಾಲೆಯ ಭಾಷೆ ಒಂದನ್ನೇ ಮಾತಾಡಿ' ಅಂತ ಹೇಳುವವರು ಈಗಲೂ ಇದ್ದಾರೆ. ದಯವಿಟ್ಟು ನೀವು ಹೇಳಬೇಡಿ. ಎರಡು ಭಾಷೆ ಕೇಳಿದ್ದರಿಂದ ಮಗುವಿಗೆ ಭಾಷೆಯ ತೊಂದರೆ ಬರುವುದಿಲ್ಲ. ಇದು ಈಗ ನಮ್ಮ ಕ್ಷೇತ್ರದಲ್ಲಿ ಗಟ್ಟಿಯಾಗಿ ನಿಂತ ಮಾತು. ತನಗೆ ಸರಿಯಾಗಿ ಬಾರದ ಇಂಗ್ಲಿಷಿನಲ್ಲಿ ತಾಯಿ ಎಷ್ಟು ಮಾತಾಡಿಯಾರು? 'ಕಮ್', 'ಸಿಟ್', 'ಈಟ್' ಅಷ್ಟೇ. ಕಥೆ ಹೋಯಿತು, ಹಾಡು ಹೋಯಿತು, ಬೈಗುಳವೂ ಹೋಯಿತು. ಮಾತು ಬೇಕಾಗಿದ್ದ ಮಗುವಿಗೆ ಮನೆಯಲ್ಲಿ ಮಾತೇ ಇಲ್ಲದಂತಾಗುತ್ತದೆ. ಅಜ್ಜಿಯ ಜೊತೆ ಮಾತಿಲ್ಲದೆ ಬೆಳೆಯುತ್ತದೆ. 'ಗಂಡು ಮಕ್ಕಳಿಗೆ ಮಾತು ತಡ' ಅಂತ ಕಾಯುತ್ತಾ ಕೂರುವುದು, ನಾಲಗೆಗೆ ಬಜೆ ತೇಯ್ದು ಹಚ್ಚಿ ತಿಂಗಳು ಕಳೆಯುವುದು, ಇವೂ ನಿಮ್ಮ ಎದುರು ಬರುತ್ತವೆ. ಅಂಥ ಅಜ್ಜಿಯರನ್ನು ಎದುರು ಹಾಕಿಕೊಳ್ಳಬೇಡಿ. ಬಜೆಯ ಜೊತೆಗೆ ಶ್ರವಣ ಪರೀಕ್ಷೆಯೂ ಆಗಲಿ ಅಂತ ಒಪ್ಪಿಸಿ. ಕಿವಿ ಕೇಳದ ಮಗು ಅಂತ ಬೇಗ ಗೊತ್ತಾದರೆ ಕಾಕ್ಲಿಯರ್ ಇಂಪ್ಲಾಂಟಿಗೆ (ಶಸ್ತ್ರಚಿಕಿತ್ಸೆ ಮಾಡಿ ಒಳಕಿವಿಗೆ ಕೂರಿಸುವ ಶ್ರವಣ ಸಾಧನ) ಸರ್ಕಾರದ ನೆರವು ಇದೆ. ಅದು ಸಿಗುವುದು ಚಿಕ್ಕ ವಯಸ್ಸಿನಲ್ಲಿ. ಕಾದರೆ ಆ ಬಾಗಿಲು ಮುಚ್ಚುತ್ತದೆ.

ಇನ್ನು ಇಂಟರ್ನೆಟ್ಟಿನ ಪಟ್ಟಿಗಳು. ಅವುಗಳಲ್ಲಿ ಜಾಸ್ತಿ ಭಾಗ ಅಮೆರಿಕದ ವಿದ್ಯಾರ್ಥಿಗಳು ಬರೆದದ್ದು. ಅಲ್ಲಿ ಬೇರೆ ಡಿಗ್ರಿ ಮಾಡಿದವರೂ ಸ್ಪೀಚ್ ಪೆಥಾಲಜಿ ಮಾಸ್ಟರ್ಸ್‌ಗೆ ಬರುತ್ತಾರೆ. ಅದಕ್ಕೇ 25 ಗಂಟೆ ಅಬ್ಸರ್ವೇಶನ್, ಒಟ್ಟು 400 ಗಂಟೆ ಕ್ಲಿನಿಕ್ ಅಂತೆಲ್ಲ ಲೆಕ್ಕ ಇಡುತ್ತಾರೆ. ನೀವು ಮೂರು ವರ್ಷ ಓದಿ, ಒಂದು ವರ್ಷ ಪೂರ್ತಿ ಇಂಟರ್ನ್‌ಶಿಪ್ ಮಾಡಿ ಬಂದವರು. ಅವರು ಮಾಸ್ಟರ್ಸ್‌ನಲ್ಲಿ ಮೊದಲ ಸಲ ನೋಡುವ ಎಷ್ಟೋ ವಿಷಯ ನೀವು ಎರಡನೇ ವರ್ಷದಲ್ಲೇ ನೋಡಿದ್ದೀರಿ. ಆ ಪಟ್ಟಿ ಮುಚ್ಚಿಡಿ.

ಅಂಗರಚನೆಯನ್ನು ಮಾತ್ರ ಒಮ್ಮೆ ತಿರುವಿ ಹಾಕಿ, ಒಂದು ವಾರ ಸಾಕು. ಕಪಾಲದ ನರಗಳಲ್ಲಿ ನಮಗೆ ದಿನವೂ ಬೇಕಾದವು ಐದು: 5, 7, 9, 10, 12. ಕನ್ನಡಿಯ ಮುಂದೆ ನಿಂತು ಒಂದೊಂದನ್ನೂ ನಿಮ್ಮ ಮುಖದಲ್ಲೇ ಪರೀಕ್ಷೆ ಮಾಡಿ. ದವಡೆ ಕಚ್ಚಿ, ತುಟಿ ಚಾಚಿ, 'ಆ' ಅನ್ನಿ, ನಾಲಗೆ ಹೊರಗೆ ಹಾಕಿ. ಆಮೇಲೆ ಧ್ವನಿಪೆಟ್ಟಿಗೆಯ ನರದ ದಾರಿ ಒಂದನ್ನು ಚಿತ್ರ ಬರೆದು ಕಲಿಯಿರಿ. ಎಡಗಡೆಯ ರಿಕರೆಂಟ್ ಲ್ಯಾರಿಂಜಿಯಲ್ ನರ ಎದೆಯೊಳಗೆ ಇಳಿದು, ಮಹಾಪಧಮನಿಯ ಕೆಳಗೆ ಸುತ್ತಿ ಮತ್ತೆ ಮೇಲೆ ಬರುತ್ತದೆ. ಬಲಗಡೆಯದು ಅಷ್ಟು ಕೆಳಗೆ ಹೋಗುವುದಿಲ್ಲ. ಧ್ವನಿ ಕೆಟ್ಟಿದೆ ಅಂತ ಬಂದವರ ತೊಂದರೆ ಕೆಲವೊಮ್ಮೆ ಎದೆಯಲ್ಲಿ ಇರುವುದು ಇದೇ ಕಾರಣಕ್ಕೆ. ಅದಕ್ಕೇ ಇ.ಎನ್.ಟಿ. ಡಾಕ್ಟರು ನೋಡದೆ ಧ್ವನಿ ಥೆರಪಿ ಶುರು ಮಾಡಬಾರದು. ಯಕ್ಷಗಾನದ ಭಾಗವತರು, ಟೀಚರುಗಳು, ಬಸ್ ಕಂಡಕ್ಟರುಗಳು ನಿಮ್ಮ ಕ್ಲಿನಿಕ್ಕಿಗೆ ಬಂದೇ ಬರುತ್ತಾರೆ. ಅವರ ಹತ್ತಿರ ಸ್ ಮತ್ತು ಜ಼್ ಎಳೆಸಿ ಸಮಯ ಅಳೆಯುವ ಪರೀಕ್ಷೆ ಮಾಡುವಾಗ ಗಮನ ಇರಲಿ. ಕೊಂಕಣಿಯವರಿಗೆ ಜ಼್ ತಮ್ಮದೇ ಧ್ವನಿ. ಕನ್ನಡ, ತುಳು ಮಾತ್ರ ಬಲ್ಲವರು ಅದನ್ನು ಜ್ ಮಾಡಿಬಿಡುತ್ತಾರೆ, ಎಳೆಯಲು ಬರುವುದಿಲ್ಲ. ಮೊದಲು ಹೇಳಿಕೊಟ್ಟು, ಆಮೇಲೆ ವಾಚು ಹಿಡಿಯಿರಿ.

ನುಂಗುವ ತೊಂದರೆಗೆ ಬರೋಣ. ಇಲ್ಲಿ ನಿಮ್ಮ ಭಯ ಸರಿಯಾದದ್ದೇ. ಉಚ್ಚಾರ ತಿದ್ದುವಾಗ ತಪ್ಪಾದರೆ ಒಂದು ವಾರ ಹೋಗುತ್ತದೆ. ಇಲ್ಲಿ ತಪ್ಪಾದರೆ ಆಹಾರ ಶ್ವಾಸಕೋಶಕ್ಕೆ ಹೋಗಿ ನ್ಯುಮೋನಿಯ ಬರಬಹುದು. ಜೀವದ ಪ್ರಶ್ನೆ.

ಮೊದಲು ಸರಿ ಇರುವ ನುಂಗುವಿಕೆಯನ್ನು ತಿಳಿಯಿರಿ. ಬಾಯಲ್ಲಿ ಅಗಿದು ಉಂಡೆ ಮಾಡುವುದು, ಅದನ್ನು ಹಿಂದಕ್ಕೆ ತಳ್ಳುವುದು, ಗಂಟಲು ದಾಟುವುದು, ಅನ್ನನಾಳದಲ್ಲಿ ಇಳಿಯುವುದು. ಗಂಟಲು ದಾಟುವ ಹಂತ ಸುಮಾರು ಒಂದು ಸೆಕೆಂಡು. ಆ ಒಂದು ಸೆಕೆಂಡಿನಲ್ಲಿ ಮೂಗಿನ ದಾರಿ ಮುಚ್ಚಬೇಕು, ಧ್ವನಿಪೆಟ್ಟಿಗೆ ಮೇಲೇರಬೇಕು, ಉಸಿರು ನಿಲ್ಲಬೇಕು, ಅನ್ನನಾಳದ ಬಾಗಿಲು ತೆರೆಯಬೇಕು. ಮನೆಯವರು ಊಟ ಮಾಡುವಾಗ ಅವರ ಕತ್ತು ನೋಡಿ. ಅಪ್ಪನ ಕುತ್ತಿಗೆಯ ಗಂಟು ಯಾವಾಗ ಏರಿತು, ಯಾವಾಗ ಇಳಿಯಿತು? ನೀರಿಗೆ ಹೇಗೆ, ಅನ್ನಕ್ಕೆ ಹೇಗೆ? ನಿಮ್ಮದೇ ಕುತ್ತಿಗೆಗೆ ನಾಲ್ಕು ಬೆರಳಿಟ್ಟು ನೋಡಿ. ನೂರು ಸಲ ಸರಿಯಾದದ್ದನ್ನು ಮುಟ್ಟಿದವರಿಗೆ ತಡವಾದದ್ದು ಬೆರಳಿಗೇ ಗೊತ್ತಾಗುತ್ತದೆ.

ಆಮೇಲೆ ಇಡ್ಸಿ. ಆಹಾರ ಮತ್ತು ಪಾನೀಯಗಳನ್ನು 0ಯಿಂದ 7ರವರೆಗೆ ಎಂಟು ಹಂತ ಮಾಡಿದ ಅಂತರರಾಷ್ಟ್ರೀಯ ಪದ್ಧತಿ ಅದು. ಮನೆಯಲ್ಲೇ ಕಲಿಯಬಹುದು. 10 ಎಂ.ಎಲ್. ಸಿರಿಂಜ್ ಒಂದು ತನ್ನಿ. ಸೂಜಿ ಬೇಡ. 0ಯಿಂದ 10ರ ಗುರುತಿನವರೆಗೆ ಅದರ ಉದ್ದ 61.5 ಮಿಲಿಮೀಟರ್ ಇರಬೇಕು, ಸ್ಕೇಲಿನಲ್ಲಿ ಅಳೆದು ನೋಡಿ, ಎಲ್ಲ ಕಂಪನಿಯ ಸಿರಿಂಜೂ ಒಂದೇ ಉದ್ದ ಇರುವುದಿಲ್ಲ. ಹಿಂದಿನ ದಂಡ ತೆಗೆದು, ತುದಿಗೆ ಬೆರಳಿಟ್ಟು, 10ರವರೆಗೆ ತುಂಬಿಸಿ. ಬೆರಳು ತೆಗೆದು ಹತ್ತು ಸೆಕೆಂಡು ಬಿಡಿ. ಒಳಗೆ 1 ಎಂ.ಎಲ್.ಗಿಂತ ಕಡಿಮೆ ಉಳಿದರೆ ಹಂತ 0. 1ರಿಂದ 4 ಉಳಿದರೆ ಹಂತ 1. 4ರಿಂದ 8 ಆದರೆ ಹಂತ 2. 8ಕ್ಕಿಂತ ಜಾಸ್ತಿ ಉಳಿದು, ಸ್ವಲ್ಪವಾದರೂ ಹೋದರೆ ಹಂತ 3. ನೀರು, ಮಜ್ಜಿಗೆ, ರಾಗಿ ಅಂಬಲಿ, ಹೆಸರುಬೇಳೆ ಪಾಯಸ ಸೋಸಿದ್ದು, ಎಲ್ಲವನ್ನೂ ಅಳೆದು ಬರೆದಿಡಿ. ಬಿಸಿ ಅಂಬಲಿ ಆರಿದ ಮೇಲೆ ಮತ್ತೆ ಅಳೆಯಿರಿ. ಹಂತ ಬದಲಾಗಿರುತ್ತದೆ.

ಗಂಜಿಯ ಬಗ್ಗೆ ಬೇರೆಯಾಗಿಯೇ ಹೇಳಬೇಕು. ನಮ್ಮ ಕಡೆ ಹುಷಾರಿಲ್ಲ ಅಂದ ಕೂಡಲೇ ಕುಚ್ಚಲಕ್ಕಿ ಗಂಜಿ. ಸ್ಟ್ರೋಕ್ ಆದವರಿಗೂ ಅದೇ. ಮೆತ್ತಗಿದೆ, ಹಗುರ ಇದೆ, ಸುಲಭ ಅಂತ ಮನೆಯವರ ನಂಬಿಕೆ. ಆದರೆ ನುಂಗುವ ತೊಂದರೆ ಇರುವವರಿಗೆ ಗಂಜಿ ತುಂಬಾ ಕಷ್ಟದ ಆಹಾರಗಳಲ್ಲಿ ಒಂದು. ಅದರಲ್ಲಿ ತೆಳ್ಳಗಿನ ನೀರೂ ಇದೆ, ಅಗಿಯಬೇಕಾದ ಅಗುಳೂ ಇದೆ. ಅಗುಳನ್ನು ಅಗಿಯುತ್ತಿರುವಾಗಲೇ ನೀರು ಹಿಂದಕ್ಕೆ ಜಾರಿ, ಗಂಟಲು ಮುಚ್ಚುವ ಮುಂಚೆಯೇ ಶ್ವಾಸನಾಳಕ್ಕೆ ಇಳಿಯಬಹುದು. ಹಾಗಂತ 'ಗಂಜಿ ಕೊಡಬೇಡಿ' ಅಂತ ಚೀಟಿ ಬರೆದು ಕೊಟ್ಟರೆ ಮನೆಯವರು ಮರುದಿನ ಗಂಜಿಯನ್ನೇ ಕೊಡುತ್ತಾರೆ. ಅವರಿಗೆ ಅದು ಬರೀ ಆಹಾರ ಅಲ್ಲ, ಆರೈಕೆ. ನೀರು ಬಸಿದು, ಅಗುಳನ್ನು ನುಣ್ಣಗೆ ರುಬ್ಬಿ, ಬೇಕಾದಷ್ಟೇ ಗಂಜಿ ತಿಳಿ ಸೇರಿಸಿ ಒಂದೇ ಹದಕ್ಕೆ ತರುವುದನ್ನು ಅಡುಗೆಮನೆಯಲ್ಲಿ ನಿಂತು ಮಾಡಿ ನೋಡಿ. ಚಮಚದಿಂದ ಹೇಗೆ ಬೀಳುತ್ತದೆ ನೋಡಿ. ಒಂದು ವಾರ ಅಮ್ಮನ ಜೊತೆ ಇದನ್ನು ಮಾಡಿದರೆ, ನಾಳೆ ವಾರ್ಡಿನಲ್ಲಿ ಒಬ್ಬ ಮಗಳಿಗೆ ಅವಳ ಮಾತಿನಲ್ಲೇ ಹೇಳಿಕೊಡುತ್ತೀರಿ.

ಕೆಮ್ಮು ಇಲ್ಲ ಅಂದರೆ ಸರಿ ಇದೆ ಅಂತ ಯಾವತ್ತೂ ಅಂದುಕೊಳ್ಳಬೇಡಿ. ಶ್ವಾಸನಾಳಕ್ಕೆ ಹೋದರೂ ಕೆಮ್ಮೇ ಬಾರದವರು ಇದ್ದಾರೆ. ಅದನ್ನು ಹಾಸಿಗೆಯ ಪಕ್ಕ ನಿಂತು ಕಣ್ಣಲ್ಲಿ ಕಂಡುಹಿಡಿಯಲಾಗುವುದಿಲ್ಲ. ಎಕ್ಸ್‌ರೇ ವಿಡಿಯೋ ಬೇಕು, ಇಲ್ಲ ಮೂಗಿನಿಂದ ಸಣ್ಣ ಕ್ಯಾಮೆರಾ ಇಳಿಸಿ ನೋಡಬೇಕು. ಇವೆರಡೂ ಇರುವ ಆಸ್ಪತ್ರೆಯಲ್ಲಿ ಪೋಸ್ಟಿಂಗ್ ಸಿಕ್ಕಾಗ ಮುಂದಿನ ಸಾಲಿನಲ್ಲಿ ನಿಲ್ಲಿ. ಸೂಪರ್‌ವೈಸರ್ ಪಕ್ಕದಲ್ಲಿ ಇಲ್ಲದೆ ಯಾರ ಬಾಯಿಗೂ ಒಂದು ಚಮಚ ನೀರೂ ಹಾಕಬೇಡಿ.

ಸ್ಟ್ಯಾಟಿಸ್ಟಿಕ್ಸ್ ತಲೆಗೆ ಹತ್ತುವುದಿಲ್ಲ ಅಂದಿರಿ. ಸೂತ್ರದಿಂದ ಶುರು ಮಾಡಿದ್ದಕ್ಕೆ ಹಾಗಾಗಿದೆ ಅಂತ ನನ್ನ ಅನಿಸಿಕೆ. ಒಂದು ಲೆಕ್ಕ ಮಾಡೋಣ. ಸುಮ್ನೆ ಉದಾಹರಣೆಗೆ, 1,000 ಅಂಗನವಾಡಿ ಮಕ್ಕಳಲ್ಲಿ 50 ಮಕ್ಕಳಿಗೆ ನಿಜವಾಗಿ ಭಾಷೆಯ ತೊಂದರೆ ಇದೆ ಅಂದುಕೊಳ್ಳಿ. ನಿಮ್ಮ ಹತ್ತಿರ ಒಂದು ಸ್ಕ್ರೀನಿಂಗ್ ಟೆಸ್ಟ್ ಇದೆ. ತೊಂದರೆ ಇರುವ 100ರಲ್ಲಿ 90 ಜನರನ್ನು ಹಿಡಿಯುತ್ತದೆ. ಇಲ್ಲದ 100ರಲ್ಲಿ 90 ಜನರನ್ನು ಸರಿಯಾಗಿ ಬಿಡುತ್ತದೆ. ಒಳ್ಳೆಯ ಟೆಸ್ಟ್ ಅಲ್ವಾ? ಈಗ ನೋಡಿ. 50ರಲ್ಲಿ 45 ಮಕ್ಕಳು ಸಿಕ್ಕಿದರು. ಉಳಿದ 950ರಲ್ಲಿ 95 ಮಕ್ಕಳು ತೊಂದರೆ ಇಲ್ಲದಿದ್ದರೂ ಸಿಕ್ಕಿಬಿದ್ದರು. ಒಟ್ಟು 140 ಮಕ್ಕಳ ಅಪ್ಪ ಅಮ್ಮನಿಗೆ ನೀವು ಚೀಟಿ ಕಳಿಸಿದಿರಿ. ಅದರಲ್ಲಿ ನಿಜವಾದ ತೊಂದರೆ ಇರುವುದು 45ಕ್ಕೆ, ಮೂರರಲ್ಲಿ ಒಬ್ಬರಿಗೂ ಕಡಿಮೆ. ಆ ಚೀಟಿಯಲ್ಲಿ ಯಾವ ಮಾತು ಬರೆಯುತ್ತೀರಿ ಅನ್ನುವುದು ಈ ಲೆಕ್ಕ ಗೊತ್ತಿದ್ದರೆ ಬದಲಾಗುತ್ತದೆ. 'ತೊಂದರೆ ಇದೆ' ಅಂತ ಬರೆಯುವುದಿಲ್ಲ, 'ಇನ್ನೊಮ್ಮೆ ನೋಡಬೇಕು' ಅಂತ ಬರೆಯುತ್ತೀರಿ. ತೊಂದರೆ ಇರುವವರನ್ನು ಹಿಡಿಯುವುದು ಸೆನ್ಸಿಟಿವಿಟಿ, ಇಲ್ಲದವರನ್ನು ಸರಿಯಾಗಿ ಬಿಡುವುದು ಸ್ಪೆಸಿಫಿಸಿಟಿ, ಇಷ್ಟೇ. ಸರಾಸರಿ, ಸ್ಟ್ಯಾಂಡರ್ಡ್ ಡೀವಿಯೇಷನ್, ಇವನ್ನೂ ಹೀಗೇ ಮಕ್ಕಳನ್ನು ಎದುರಿಗಿಟ್ಟುಕೊಂಡು ಕಲಿಯಿರಿ. ಜಮೋವಿ ಅನ್ನುವ ಉಚಿತ ಸಾಫ್ಟ್‌ವೇರ್ ಇದೆ, ಹಾಕಿಕೊಂಡು ಆಡಿ ನೋಡಿ. ಸದ್ಯಕ್ಕೆ ಅಷ್ಟು ಸಾಕು.

ಕೊಳ್ಳುವುದು ತುಂಬಾ ಇಲ್ಲ. ಪೆನ್ ಟಾರ್ಚ್, ಗ್ಲೌಸ್, ಸಣ್ಣ ಕನ್ನಡಿ, ಗಟ್ಟಿ ರಟ್ಟಿನ ನೋಟ್‌ಬುಕ್. ಹೆಪಟೈಟಿಸ್ ಬಿ ಲಸಿಕೆ ಪೂರ್ತಿ ಆಗಿದೆಯಾ ನೋಡಿಕೊಳ್ಳಿ. ದುಬಾರಿ ಫ್ಲ್ಯಾಶ್ ಕಾರ್ಡ್ ಸೆಟ್ ಮಾತ್ರ ಕೊಳ್ಳಬೇಡಿ. ಅದರಲ್ಲಿ ಹಿಮದ ಬೊಂಬೆ ಇರುತ್ತದೆ, ಸ್ಟ್ರಾಬೆರಿ ಇರುತ್ತದೆ. ನಮ್ಮ ಮಗುವಿಗೆ ಗೊತ್ತಿರುವುದು ಹಲಸು, ತೆಂಗಿನ ಗರಿ, ನೀರುದೋಸೆ, ಸಿಟಿ ಬಸ್. ಒಂದು ಬೆಳಿಗ್ಗೆ ಮಲ್ಪೆ ಬಂದರಿಗೋ ಮಂಗಳೂರಿನ ಧಕ್ಕೆಗೋ ಹೋಗಿ, ಇನ್ನೊಂದು ದಿನ ಉಡುಪಿಯ ರಥಬೀದಿಗೆ ಹೋಗಿ. ಮೊಬೈಲಿನಲ್ಲಿ ಚೊಕ್ಕ ಫೋಟೋ ತೆಗೆಯಿರಿ, ಒಂದು ಫೋಟೋದಲ್ಲಿ ಒಂದೇ ವಸ್ತು. ಪ್ರಿಂಟ್ ಹಾಕಿಸಿ ಹಿಂದೆ ಕನ್ನಡ, ತುಳು, ಕೊಂಕಣಿ, ಬ್ಯಾರಿ ಹೆಸರು ಬರೆಯಿರಿ. ಗೊತ್ತಿಲ್ಲದ ಹೆಸರನ್ನು ಆ ಭಾಷೆಯವರ ಹತ್ತಿರವೇ ಕೇಳಿ. ಮೀನು ಮಾರುತ್ತಿದ್ದ ಒಬ್ಬ ಹೆಂಗಸು, ಅಫೇಸಿಯ ಆದ ಮೇಲೆ, ಕಾರ್ಡಿನ ಸೇಬು, ಗಡಿಯಾರ, ಛತ್ರಿ ಯಾವುದಕ್ಕೂ ಹೆಸರು ಹೇಳಲಿಲ್ಲ. ನನ್ನ ವಿದ್ಯಾರ್ಥಿನಿ ಮೊಬೈಲಿನಲ್ಲಿ ಮೀನಿನ ಬುಟ್ಟಿಯ ಫೋಟೋ ತೋರಿಸಿದಳು. 'ಬಂಗುಡೆ' ಅಂತ ಬಂತು. ಸ್ವಲ್ಪ ಹೊತ್ತಿಗೆ 'ಬೂತಾಯಿ' ಬಂತು. ಥೆರಪಿ ಶುರುವಾದದ್ದು ಅಲ್ಲಿಂದ.

ಕಾಗದ ಪತ್ರಗಳನ್ನು ಈಗಲೇ ಸರಿ ಮಾಡಿಕೊಳ್ಳಿ. ಆರ್.ಸಿ.ಐ. ನೋಂದಣಿ ಆಗಿರಲಿ, ನಂಬರ್ ಕೈಯಲ್ಲಿರಲಿ. ರಿಹ್ಯಾಬಿಲಿಟೇಶನ್ ಕೌನ್ಸಿಲ್ ಕಾಯ್ದೆ 1992ರದ್ದು, ನೋಂದಣಿ ಇಲ್ಲದೆ ಪ್ರಾಕ್ಟೀಸ್ ಮಾಡುವಂತಿಲ್ಲ. ಅದರ ಜೊತೆಗೆ ಒಂದು ದಿನ ಕೂತು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿ ಓದಿ. 21 ಬಗೆಯ ಅಂಗವೈಕಲ್ಯ ಅದರಲ್ಲಿದೆ, ವಾಕ್ ಮತ್ತು ಭಾಷೆಯ ಅಂಗವೈಕಲ್ಯವೂ ಇದೆ, ಆಟಿಸಂ ಕೂಡ ಇದೆ. ಯು.ಡಿ.ಐ.ಡಿ. ಕಾರ್ಡಿಗೆ (ಅಂಗವಿಕಲರ ಗುರುತಿನ ಚೀಟಿ) ಅರ್ಜಿ ಹೇಗೆ, ಮಂಗಳೂರಿನವರು ವೆನ್‌ಲಾಕ್‌ಗೆ, ಉಡುಪಿಯವರು ಅಜ್ಜರಕಾಡಿನ ಜಿಲ್ಲಾ ಆಸ್ಪತ್ರೆಗೆ ಹೋದರೆ ಯಾರನ್ನು ಕಾಣಬೇಕು, ನಿರಾಮಯ ವಿಮೆಯಲ್ಲಿ ವರ್ಷಕ್ಕೆ ಒಂದು ಲಕ್ಷ ರೂಪಾಯಿವರೆಗೆ ಯಾವ ಮಕ್ಕಳಿಗೆ ಸಿಗುತ್ತದೆ, ಇದನ್ನೆಲ್ಲ ಪಾಠದಲ್ಲಿ ಯಾರೂ ಹೆಚ್ಚು ಹೊತ್ತು ಹೇಳುವುದಿಲ್ಲ. ತಾಯಂದಿರು ಸೆಷನ್ ಮುಗಿದ ಮೇಲೆ ಬಾಗಿಲಲ್ಲಿ ನಿಂತು ಕೇಳುವುದು ಮಾತ್ರ ಇದನ್ನೇ.

ಇಂಗ್ಲಿಷಿನ ಬಗ್ಗೆ ಎರಡು ಮಾತು. ಓದುವುದು ಇಂಗ್ಲಿಷಿನಲ್ಲಿ, ವೈವಾ ಇಂಗ್ಲಿಷಿನಲ್ಲಿ. ಅದು ತಪ್ಪಿದ್ದಲ್ಲ. ವಾರಕ್ಕೆ ಒಂದು ಸಂಶೋಧನಾ ಲೇಖನ ಓದಿ. ಓದಿದ ಮೇಲೆ ಅದನ್ನು ನಿಮ್ಮ ಅಮ್ಮನಿಗೆ ತುಳುವಿನಲ್ಲಿ ಐದು ನಿಮಿಷದಲ್ಲಿ ಹೇಳಿ. ಅವರಿಗೆ ಅರ್ಥವಾಗದ ಜಾಗವೇ ನಿಮಗೂ ಅರ್ಥವಾಗದ ಜಾಗ. ಅಲ್ಲಿಗೆ ಹಿಂದೆ ಹೋಗಿ ಓದಿ. ಜರ್ನಲ್ ಕ್ಲಬ್ಬಿಗೆ (ಸಂಶೋಧನಾ ಲೇಖನ ಓದಿ ಚರ್ಚಿಸುವ ತರಗತಿ) ಇದಕ್ಕಿಂತ ಒಳ್ಳೆಯ ತಯಾರಿ ನನಗೆ ಗೊತ್ತಿಲ್ಲ.

ಎರಡು ವರ್ಷ ತಡೆದುಕೊಳ್ಳುತ್ತೀರಾ? ಮೊದಲ ಸೆಮಿಸ್ಟರ್ ಕಷ್ಟ ಇರುತ್ತದೆ. ನೀವು ಬರೆದ ಥೆರಪಿ ಪ್ಲಾನ್ ಪೂರ್ತಿ ಕೆಂಪು ಪೆನ್ನಿನ ಗೆರೆಯೊಂದಿಗೆ ವಾಪಸ್ ಬರುತ್ತದೆ. ಇಂಟರ್ನ್ ಆಗಿದ್ದಾಗ ಮಾಡುತ್ತಿದ್ದುದನ್ನೇ ಮಾಡಿದರೂ ಈಗ 'ಯಾಕೆ ಮಾಡಿದೆ?' ಅಂತ ಕೇಳುತ್ತಾರೆ. ಆ 'ಯಾಕೆ'ಗೆ ಉತ್ತರ ಹುಡುಕುವುದೇ ಪಿ.ಜಿ. ಬೈಸಿಕೊಂಡ ದಿನ ರೂಮಿಗೆ ಹೋಗಿ ಒಬ್ಬರೇ ಕೂರಬೇಡಿ, ಜೊತೆಯವರ ಸಂಗಡ ಚಹಾ ಕುಡಿಯಿರಿ. ಬ್ಯಾಚ್‌ಗಳು ಸಣ್ಣವು, ಒಬ್ಬರಿಗೊಬ್ಬರು ಬೇಕಾಗುತ್ತೀರಿ. ನಿದ್ದೆ ಬಿಟ್ಟು ಓದಬೇಡಿ. ನಿದ್ದೆಗೆಟ್ಟವರಿಗೆ ಮಗುವಿನ ಸಣ್ಣ ಸದ್ದು ಕೇಳಿಸುವುದಿಲ್ಲ, ನಿಮ್ಮ ಕೆಲಸ ಇರುವುದೇ ಆ ಸದ್ದಿನಲ್ಲಿ.

ನಿಮ್ಮ ಅಮ್ಮ ಹೇಳಿದ ರೆಸ್ಟ್ ಕೂಡ ಬೇಕು. ಮೊದಲ ಹತ್ತು ದಿನ ಏನೂ ಮಾಡಬೇಡಿ. ಹನ್ನೊಂದನೇ ದಿನ ಬೆಳಿಗ್ಗೆ ಅಮ್ಮ ಅಡುಗೆಮನೆಯಲ್ಲಿ ಇರುವಾಗ ಮೊಬೈಲ್ ಪಕ್ಕಕ್ಕಿಟ್ಟು, ಕೇಳಿಕೊಂಡು, ಐದು ನಿಮಿಷ ರೆಕಾರ್ಡ್ ಮಾಡಿ. ಮೊದಲ ಟ್ರಾನ್ಸ್‌ಕ್ರಿಪ್ಷನ್ ಅವರದೇ ಆಗಲಿ. ಅರ್ಧ ಉಕಾರ ಎಲ್ಲೆಲ್ಲಿ ಬಂತು ಅಂತ ಗುರುತು ಹಾಕಿ.